ಮಡಿಯ ಅಂಚಿಗೆ ಕಲ್ಲು ಕತ್ತರಿಸುವುದು: ಕಲ್ಲು ನೋಡಿ ಸಾಧನ ಆರಿಸಿ

ಅಂಗಡಿಗೆ ಹೋಗಿ ಕಲ್ಲು ಕೊಯ್ಯುವ ಮಷಿನ್ ಕೇಳಿದರೆ ಬಹುಪಾಲು ನಿಮ್ಮ ಕೈಗೆ ಬರುವುದು ನಾಲ್ಕಿಂಚಿನ ಆ್ಯಂಗಲ್ ಗ್ರೈಂಡರ್. ನೀವು ಯಾವ ಕಲ್ಲು ಕೊಯ್ಯುತ್ತೀರಿ ಎಂದು ಅಂಗಡಿಯವರು ಕೇಳುವುದು ಅಪರೂಪ, ನಾವೂ ಹೇಳುವುದಿಲ್ಲ. ಆದರೆ ಕೇಳಬೇಕಾದ ಮೊದಲ ಪ್ರಶ್ನೆ ಅದೇ. ಹೂವಿನ ಮಡಿಯ ಅಂಚಿಗೆ ನೀವು ತಂದಿರುವುದು ಕರಾವಳಿಯ ಕೆಂಪುಕಲ್ಲೋ, ಶಹಾಬಾದಿನ ಹಾಸುಗಲ್ಲೋ, ಸಿಮೆಂಟಿನ ಸಾಲಿಡ್ ಬ್ಲಾಕೋ, ದೇವನಹಳ್ಳಿ ಕಡೆಯ ಸಾದರಹಳ್ಳಿ ಗ್ರಾನೈಟೋ ಎಂಬುದರ ಮೇಲೆ ಸಾಧನ ಪೂರ್ತಿ ಬದಲಾಗುತ್ತದೆ. ಒಂದಕ್ಕೆ ಮಷಿನ್ನೇ ಬೇಡ, ಇನ್ನೊಂದಕ್ಕೆ ಮನೆಯಲ್ಲಿಟ್ಟುಕೊಳ್ಳುವ ಯಾವ ಮಷಿನ್ನೂ ಸಾಲದು. ಹಾಗಾಗಿ ಈ ಹೋಲಿಕೆಯನ್ನು ಮಷಿನ್‌ಗಳ ಹೆಸರಿನಿಂದಲ್ಲ, ಕಲ್ಲಿನಿಂದ ಶುರು ಮಾಡುತ್ತೇನೆ.

ಅದಕ್ಕೂ ಮುಂಚೆ ಇನ್ನೊಂದು ಲೆಕ್ಕವಿದೆ.

ನಿಜಕ್ಕೂ ಎಷ್ಟು ಕಡೆ ಕತ್ತರಿಸಬೇಕು?

ಅಳತೆಯನ್ನು ಕಲ್ಲಿಗೆ ಹೊಂದಿಸಿದರೆ ಅರ್ಧಕ್ಕರ್ಧ ಕೆಲಸ ತಪ್ಪುತ್ತದೆ. ನಮ್ಮಲ್ಲಿ ಸಿಗುವ ಸಾಲಿಡ್ ಬ್ಲಾಕ್ 16 ಇಂಚು ಉದ್ದ, 8 ಇಂಚು ಎತ್ತರ. ದಪ್ಪ 4, 6 ಅಥವಾ 8 ಇಂಚು. ಮೆಟ್ರಿಕ್‌ನಲ್ಲಿ ಉದ್ದ 400 ಮಿ.ಮೀ. ಎಂದಿಟ್ಟುಕೊಂಡು, ನಡುವೆ 10 ಮಿ.ಮೀ. ಗಾರೆ ಬಿಟ್ಟರೆ ಹತ್ತು ಬ್ಲಾಕುಗಳ ಸಾಲು 4,090 ಮಿ.ಮೀ. ಆಗುತ್ತದೆ, ಅಂದರೆ ಸುಮಾರು 13 ಅಡಿ 5 ಇಂಚು. ಮಡಿ 14 ಅಡಿಯೇ ಇರಬೇಕೆಂದು ಹಠ ಹಿಡಿದರೆ ಒಂದು ತುಂಡು ಕೊಯ್ಯಲೇಬೇಕು. 13 ಅಡಿ 5 ಇಂಚಿಗೆ ಒಪ್ಪಿದರೆ ಒಂದನ್ನೂ ಕೊಯ್ಯಬೇಕಿಲ್ಲ. ಮೂಲೆಗಳಲ್ಲೂ ಹಾಗೆಯೇ. ಒಂದು ಸಾಲಿನ ತುದಿಗೆ ಇನ್ನೊಂದು ಸಾಲನ್ನು ನೇರವಾಗಿ ಒತ್ತಿ ನಿಲ್ಲಿಸಿದರೆ ಸಾಕು. 45 ಡಿಗ್ರಿಗೆ ಓರೆ ಕೊಯ್ದು ಜೋಡಿಸಿದರೆ ಮೊದಲ ದಿನ ಚೆನ್ನಾಗಿ ಕಾಣುತ್ತದೆ ನಿಜ. ಆದರೆ ಆ ತೆಳು ತುದಿ ಗುದ್ದಲಿಯ ಒಂದೇಟಿಗೆ ಚಕ್ಕೆ ಎದ್ದು ಹೋಗುತ್ತದೆ. ತೋಟದ ಅಂಚಿಗೆ ಓರೆ ಜೋಡಣೆ ಬೇಡವೆಂದೇ ನನ್ನ ಅಭಿಪ್ರಾಯ.

ಕಷ್ಟ ಬರುವುದು ದುಂಡು ಮಡಿಯಲ್ಲಿ. ಬಳಸಿ ಬರುವ ಸಾಲಿನಲ್ಲಿ ಒಳಬದಿ ಕೂಡಿಕೊಂಡರೆ ಹೊರಬದಿ ಬಾಯಿ ಬಿಡುತ್ತದೆ. ಎಷ್ಟು ಬಿಡುತ್ತದೆ ಎಂಬುದಕ್ಕೆ ಸುಲಭ ಲೆಕ್ಕವಿದೆ: ಕಲ್ಲಿನ ಉದ್ದವನ್ನು ಅಗಲದಿಂದ ಗುಣಿಸಿ, ವೃತ್ತದ ತ್ರಿಜ್ಯದಿಂದ ಭಾಗಿಸಿ. 200 × 100 ಮಿ.ಮೀ. ಇಂಟರ್‌ಲಾಕ್ ಕಲ್ಲನ್ನು 1 ಮೀಟರ್ ತ್ರಿಜ್ಯದಲ್ಲಿ ಉದ್ದುದ್ದ ಇಟ್ಟರೆ 20 ಮಿ.ಮೀ. ಬರುತ್ತದೆ. ಅದು ಕಣ್ಣಿಗೆ ಕುಕ್ಕುವಷ್ಟು ದೊಡ್ಡ ಸಂದು. ಹೆಚ್ಚಿನವರು ಇಲ್ಲಿ ಪ್ರತಿ ಕಲ್ಲಿನ ಎರಡೂ ತುದಿಯನ್ನು ಓರೆಯಾಗಿ ಕೊಯ್ಯಲು ಹೊರಡುತ್ತಾರೆ. ಹಾಗೆ ಮಾಡಬೇಡಿ. ಕಲ್ಲನ್ನು ನಡುವೆ ನೇರವಾಗಿ ಎರಡು ಮಾಡಿ, 100 × 100 ತುಂಡುಗಳನ್ನು ಜೋಡಿಸಿ. ಸಂದು 10 ಮಿ.ಮೀ.ಗೆ ಇಳಿಯುತ್ತದೆ. ಅಷ್ಟು ಗಾರೆ ನೇರ ಸಾಲಿನಲ್ಲೂ ಇದ್ದೇ ಇರುತ್ತದೆ. ಓರೆ ಕಡಿತಕ್ಕೆ ಎರಡು ಕಡೆ ಗೆರೆ ಬೇಕು, ಕೋನ ತಪ್ಪಬಾರದು. ನೇರ ಕಡಿತಕ್ಕೆ ಒಂದೇ ಗೆರೆ ಸಾಕು, ಅದೂ ಎಲ್ಲ ಕಲ್ಲಿಗೂ ಒಂದೇ ಜಾಗದಲ್ಲಿ.

ಫಲ ಬಿಡುವ ತೆಂಗಿನ ಮರಕ್ಕೆ ಸಾಮಾನ್ಯವಾಗಿ 1.8 ಮೀಟರ್, ಅಂದರೆ ಆರಡಿ ತ್ರಿಜ್ಯದ ಪಾತಿ ಮಾಡುತ್ತಾರಲ್ಲ, ಅಲ್ಲಿ ಇದೇ ಇಂಟರ್‌ಲಾಕ್ ಕಲ್ಲನ್ನು ಕೊಯ್ಯದೆ ಇಟ್ಟರೂ ಸಂದು ಸುಮಾರು 11 ಮಿ.ಮೀ. ಮಾತ್ರ. 16 ಇಂಚು ಉದ್ದ, 4 ಇಂಚು ದಪ್ಪದ ಬ್ಲಾಕಾದರೆ 22 ಮಿ.ಮೀ., ಅರ್ಧ ಮಾಡಿದರೆ ಮತ್ತೆ 11. ತ್ರಿಜ್ಯ ದೊಡ್ಡದಾದಷ್ಟೂ ಕತ್ತರಿಸುವ ಕೆಲಸ ಕರಗುತ್ತದೆ.

ಕೆಂಪುಕಲ್ಲು: ಕೈ ಸಾಧನವೇ ಮೇಲು

ಮುರಕಲ್ಲು, ಜಂಬಿಟ್ಟಿಗೆ, ಚಿರೆಕಲ್ಲು ಎಂದು ಊರಿಗೊಂದು ಹೆಸರು. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಮನೆಗಳ ಗೋಡೆ, ಪಾಗಾರ, ಬಾವಿಕಟ್ಟೆ ಎಲ್ಲಕ್ಕೂ ಇದೇ ಕಲ್ಲು. ನೆಲದೊಳಗೆ ಇರುವಾಗ ಮೆತ್ತಗಿದ್ದು, ಹೊರಗೆ ಬಂದು ಗಾಳಿ ತಾಗಿದ ಮೇಲೆ ಗಟ್ಟಿಯಾಗುವುದು ಇದರ ಗುಣ. ಮಲಬಾರಿನಲ್ಲಿ ಜನ ಇದನ್ನು ಹಾಗೆ ಕಡಿದು ತೆಗೆಯುವುದನ್ನು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಅಚ್ಚಾದ ತನ್ನ ಪ್ರವಾಸ ವರದಿಯಲ್ಲಿ ಬರೆದಿದ್ದಾನೆ. ಈಗ ಕೋರೆಯಲ್ಲೇ ಮಷಿನ್ ಕೊಯ್ದು ಕೊಡುವುದರಿಂದ ಬದಿಗಳು ನೆಟ್ಟಗೇ ಬರುತ್ತವೆ. ನಮಗೆ ಉಳಿಯುವುದು ಉದ್ದ ಕಡಿಮೆ ಮಾಡುವ ಕೆಲಸ ಮಾತ್ರ.

ಅದಕ್ಕೆ ಅಗಲ ಬಾಯಿಯ ಉಳಿ ಮತ್ತು ಒಂದೂವರೆ ಕಿಲೋ ಆಸುಪಾಸಿನ ಸುತ್ತಿಗೆ ಸಾಕು. ಕೈ ಪಳಗಿದವರು ಕೊಡಲಿಯಂಥ ಆಯುಧದಿಂದಲೇ ಕೆತ್ತಿ ಮುಗಿಸುತ್ತಾರೆ. ನಾಲ್ಕೂ ಮುಖಕ್ಕೆ ಗೆರೆ ಎಳೆದು, ಗೆರೆಯ ಮೇಲೆ ಉಳಿಯಿಂದ ಅರ್ಧ ಇಂಚು ಆಳದ ಕಚ್ಚು ತೆಗೆದು, ಮರಳಿನ ಮೇಲಿಟ್ಟು ಹೊಡೆದರೆ ಬೇರೆಯಾಗುತ್ತದೆ. ಕಲ್ಲಿನೊಳಗೆ ಜೇಡಿ ತುಂಬಿದ ತೂತುಗಳಿರುವುದರಿಂದ ಬಿರುಕು ಒಮ್ಮೊಮ್ಮೆ ದಾರಿ ತಪ್ಪುತ್ತದೆ. ಆಗ ಎದ್ದ ದಿಬ್ಬವನ್ನು ಉಳಿಯಿಂದ ಸವರಿದರಾಯಿತು. ಐದು ಮಿ.ಮೀ. ಹೆಚ್ಚುಕಡಿಮೆ ಈ ಕಲ್ಲಿನಲ್ಲಿ ಎದ್ದು ಕಾಣುವುದಿಲ್ಲ, ಅದರ ಮೈಯೇ ಒರಟು. ಗ್ರೈಂಡರ್ ಹಿಡಿದರೆ ಕೊಯ್ಯುತ್ತದೆ, ಆದರೆ ಬ್ಲೇಡು ಬೇಗ ಸವೆಯುತ್ತದೆ, ಕೆಂಪು ದೂಳು ಮನೆಯ ಗೋಡೆಗೆಲ್ಲ ಹತ್ತುತ್ತದೆ. ಮಾಡಲೇಬೇಕೆಂದಿಲ್ಲ.

ಶಹಾಬಾದ್ ಕಲ್ಲು: ಮಾರ್ಬಲ್ ಕಟರ್

ಕಲಬುರಗಿ ಜಿಲ್ಲೆಯ ಈ ಸುಣ್ಣಗಲ್ಲು ಪದರ ಪದರವಾಗಿ ಏಳುತ್ತದೆ. ಒಂದರಿಂದ ಒಂದೂವರೆ ಇಂಚು ದಪ್ಪದ ಹಾಸನ್ನು ಎಂಟೊಂಬತ್ತು ಇಂಚಿನ ಪಟ್ಟಿಯಾಗಿ ಕೊಯ್ದು, ಅರ್ಧ ಮಣ್ಣಿನಲ್ಲಿ ಹೂತು ನಿಲ್ಲಿಸಿದರೆ ಮಡಿಗೆ ತೆಳುವಾದ, ಅಚ್ಚುಕಟ್ಟಾದ ಅಂಚು ಸಿಗುತ್ತದೆ. ಜಾಗ ಕಡಿಮೆ ಇರುವ ಊರಿನ ಮನೆಗಳಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ನನಗೆ ಕಂಡಿಲ್ಲ.

ಗ್ರಾನೈಟಿಗೆ ಹೋಲಿಸಿದರೆ ಇದು ಮೆದು. 110 ಮಿ.ಮೀ. ಬ್ಲೇಡಿನ ಮಾರ್ಬಲ್ ಕಟರ್ ಒಂದು ಬದಿಯಿಂದ 30 ಮಿ.ಮೀ. ಆಸುಪಾಸು ಇಳಿಯುತ್ತದೆ, ಹಾಗಾಗಿ ತೆಳು ಹಾಸು ಒಂದೇ ಬದಿಯಿಂದ ತುಂಡಾಗುತ್ತದೆ. ದಪ್ಪದ್ದಾದರೆ ತಿರುವಿ ಹಾಕಿ ಇನ್ನೊಂದು ಬದಿಯಿಂದ ಕೊಯ್ಯಬೇಕು. ಉಳಿ ಸುತ್ತಿಗೆಯನ್ನು ಮಾತ್ರ ಈ ಕಲ್ಲಿನ ಅಂಚಿನ ಬಳಿ ತರಬೇಡಿ, ಪೆಟ್ಟು ಪದರಗಳ ನಡುವೆ ಹೊಕ್ಕು ಹಾಸು ಸೀಳುತ್ತದೆ. ಮಣ್ಣಿನೊಳಗೆ ಹೋಗುವ ಕೆಳ ಅಂಚನ್ನು ನೆಟ್ಟಗೆ ಮಾಡಲು ಹೊತ್ತು ಕಳೆಯುವುದೂ ಬೇಡ. ಮೇಲಂಚು ಮತ್ತು ಪಕ್ಕದ ಎರಡು ಅಂಚು ನೇರವಿದ್ದರೆ ಸಾಕು. ಇನ್ನೊಂದು ಮಾತು: ಗಾರೆಯ ಕಲೆ ತೆಗೆಯಲು ಇದರ ಮೇಲೆ ಆ್ಯಸಿಡ್ ಹಾಕಬಾರದು. ಸುಣ್ಣಗಲ್ಲನ್ನು ಆ್ಯಸಿಡ್ ತಿನ್ನುತ್ತದೆ.

ಸಿಮೆಂಟ್ ಬ್ಲಾಕ್: ಗೀರಿ ಒಡೆಯುವುದು

ಇಲ್ಲಿ ಎರಡು ದಾರಿಗಳ ನಡುವೆ ನಿಜವಾದ ಪೈಪೋಟಿಯಿದೆ. ಪೂರ್ತಿ ಮಷಿನ್‌ನಿಂದ ಕೊಯ್ಯಬಹುದು, ಅಥವಾ ಮಷಿನ್‌ನಿಂದ ಸುತ್ತ ಗೀರಿ, ಉಳಿಯಿಂದ ಒಡೆಯಬಹುದು. ನಾಲ್ಕಿಂಚು ದಪ್ಪದ ಬ್ಲಾಕನ್ನು ನಾಲ್ಕಿಂಚಿನ ಗ್ರೈಂಡರಿನಿಂದ ಪೂರ್ತಿ ಕೊಯ್ಯಲಾಗದು. ಬ್ಲೇಡಿನ ವ್ಯಾಸ ನಾಲ್ಕಿಂಚಾದರೂ ಮಷಿನ್ನಿನ ತಲೆ, ಗಾರ್ಡ್, ನಟ್ ಕಳೆದು ಉಳಿಯುವ ಆಳ ಒಂದಿಂಚಿನಷ್ಟೇ. ಎರಡೂ ಬದಿಯಿಂದ ಕೊಯ್ದರೂ ನಡುವೆ ಎರಡಿಂಚು ಉಳಿಯುತ್ತದೆ. ಏಳಿಂಚಿನ ಗ್ರೈಂಡರ್ ಎರಡು ಇಂಚಿನಷ್ಟು ಇಳಿಯುತ್ತದೆ, ಆದರೆ ಅದು ಭಾರ, ಅದರ ಎಳೆತ ಜೋರು. ಅಭ್ಯಾಸವಿಲ್ಲದವರ ಕೈಗೆ ಅದನ್ನು ಕೊಡಲು ನನಗೆ ಮನಸ್ಸಿಲ್ಲ.

ಗೀರಿ ಒಡೆಯುವುದು ಎಷ್ಟೋ ಸುರಕ್ಷಿತ, ದೂಳೂ ಅರ್ಧಕ್ಕಿಂತ ಕಡಿಮೆ. ಗೆರೆಯನ್ನು ನಾಲ್ಕೂ ಮುಖಕ್ಕೆ ಸುತ್ತಿಸಿ, ಅದರ ಮೇಲೆ 8–10 ಮಿ.ಮೀ. ಆಳಕ್ಕೆ ಕೊಯ್ಯಿರಿ. ನಾಲ್ಕು ಮುಖವೂ ಮುಖ್ಯ, ಒಂದನ್ನು ಬಿಟ್ಟರೆ ಬಿರುಕು ಆ ಕಡೆಯೇ ಓಡುತ್ತದೆ. ಆಮೇಲೆ ಬ್ಲಾಕನ್ನು ಮರಳಿನ ಮೇಲಿಟ್ಟು ಪಟ್ಟಿ ಉಳಿಯನ್ನು ಗೀರಿನಲ್ಲಿ ಕೂರಿಸಿ, ಮೆಲ್ಲಗೆ ಹೊಡೆಯುತ್ತ ಉದ್ದಕ್ಕೂ ಸರಿಸಿ, ತಿರುವಿ ಮತ್ತೆ ಹೊಡೆಯಿರಿ. ಒಂದೇ ಕಡೆ ಜೋರಾಗಿ ಹೊಡೆದರೆ ಮೂಲೆ ಹಾರುತ್ತದೆ. ಸುತ್ತು ಬಂದಂತೆ ಪೆಟ್ಟಿನ ಸದ್ದು ಮಂಕಾಗುತ್ತದೆ; ಒಳಗೆ ಬಿರುಕು ಕೂಡಿಕೊಂಡಿತೆಂದು ಅರ್ಥ. ಇನ್ನೊಂದೆರಡು ಪೆಟ್ಟಿಗೆ ಬೇರೆಯಾಗುತ್ತದೆ. ಹೊರಗೆ ಕಾಣುವ ಅಂಚು ಮಷಿನ್ ಕೊಯ್ದ ಗೆರೆಯೇ ಆದ್ದರಿಂದ ನೇರವಾಗಿರುತ್ತದೆ. ಒಳಗಿನ ಒರಟು ಮೈಗೆ ಗಾರೆ ಚೆನ್ನಾಗಿ ಹಿಡಿಯುತ್ತದೆ.

ಈ ಕ್ರಮ ಕೆಡುವುದು ಹಸಿ ಬ್ಲಾಕಿನಲ್ಲಿ. ಎರಕ ಹೊಯ್ದು ವಾರವೂ ಆಗದ, ಸರಿಯಾಗಿ ನೀರು ಕುಡಿಯದ ಬ್ಲಾಕು ಗೆರೆಯಲ್ಲಿ ಒಡೆಯದೆ ಪುಡಿಯಾಗುತ್ತದೆ. ಕಾಂಕ್ರೀಟಿನ ಬಲವನ್ನು ಅಳೆಯುವುದು 28 ದಿನಕ್ಕೆ. ಲೋಡು ಇಳಿಸುವಾಗಲೇ ಯಾವಾಗ ಮಾಡಿದ್ದೆಂದು ಕೇಳಿ, ಎರಡು ಬ್ಲಾಕನ್ನು ಒಂದಕ್ಕೊಂದು ತಟ್ಟಿ ನೋಡಿ. ಗಟ್ಟಿಯಾದದ್ದು ಠಣ್ಣೆನ್ನುತ್ತದೆ. ಹಾಲೋ ಬ್ಲಾಕು ಅಂಚಿಗೆ ಬೇಡ, ಕೊಯ್ದ ಕಡೆ ಪೊಳ್ಳು ಬಾಯಿ ತೆರೆಯುತ್ತದೆ. ಒಳಗೆಲ್ಲ ಗಾಳಿಗುಳ್ಳೆಗಳಿರುವ ಹಗುರ ಎಎಸಿ (ಏರೇಟೆಡ್ ಕಾಂಕ್ರೀಟ್) ಬ್ಲಾಕನ್ನು ಗರಗಸದಿಂದಲೇ ಕೊಯ್ಯಬಹುದು ಎಂಬ ಆಸೆಗೂ ಬೀಳಬೇಡಿ. ಅದು ನೀರು ಹೀರುತ್ತದೆ, ಸದಾ ಒದ್ದೆ ಇರುವ ಮಣ್ಣಿಗೆ ಹೇಳಿದ್ದಲ್ಲ.

60 ಮಿ.ಮೀ. ಇಂಟರ್‌ಲಾಕ್ ಕಲ್ಲಿಗೆ ಮಾರ್ಬಲ್ ಕಟರ್ ಸಾಕು. ಎರಡು ಬದಿಯಿಂದ ಇಳಿಸಿ ನಡುವೆ ಉಳಿದ ತೆಳು ಭಾಗವನ್ನು ತಟ್ಟಿ ಮುರಿಯಬಹುದು. 80 ಮಿ.ಮೀ. ಕಲ್ಲಿಗೆ ಗೀರಿ ಒಡೆಯುವ ದಾರಿಯೇ ವಾಸಿ. ಇಂಟರ್‌ಲಾಕ್ ಹಾಸುವ ಕೆಲವು ಗುತ್ತಿಗೆದಾರರ ಹತ್ತಿರ ಎರಡು ಉಕ್ಕಿನ ಬಾಯಿಗಳ ನಡುವೆ ಕಲ್ಲಿಟ್ಟು ಒತ್ತಿ ಸೀಳುವ ಸ್ಪ್ಲಿಟರ್ ಇರುತ್ತದೆ. ಕರೆಂಟು ಬೇಡ, ದೂಳಿಲ್ಲ. ದುಂಡು ಮಡಿಗೆ ಅರ್ಧರ್ಧ ಮಾಡಬೇಕಾದ ನೂರಾರು ಕಲ್ಲುಗಳಿದ್ದರೆ ಅದನ್ನು ಒಂದು ದಿನ ಬಾಡಿಗೆಗೆ ಕೇಳಿ ನೋಡುವುದು ಜಾಣತನ. ಎರಡಿಂಚಿಗಿಂತ ಕಿರಿದಾದ ಚೂರು ಮಾತ್ರ ಅದರಲ್ಲಿ ನೆಟ್ಟಗೆ ಬರುವುದಿಲ್ಲ.

ಗ್ರಾನೈಟ್: ಬಲ್ಲವರಿಗೆ ಬಿಡಿ

ದಪ್ಪ ಗ್ರಾನೈಟಿನ ವಿಷಯದಲ್ಲಿ ನನ್ನ ಮಾತು ಖಡಾಖಂಡಿತ: ಮನೆಯಲ್ಲಿ ಕೊಯ್ಯಬೇಡಿ. ಅದರಲ್ಲಿರುವ ಬೆಣಚು ಬ್ಲೇಡನ್ನೂ ತಿನ್ನುತ್ತದೆ, ಶ್ವಾಸಕೋಶವನ್ನೂ ಕೆಡಿಸುತ್ತದೆ. ಆದರೆ ಕಲ್ಲು ಕುಟಿಗರು ಅದೇ ಕಲ್ಲನ್ನು ಹೆಚ್ಚು ದೂಳೆಬ್ಬಿಸದೆ ಸೀಳುವುದನ್ನು ನೋಡಬೇಕು. ಕಲ್ಲು ಯಾವ ದಿಕ್ಕಿಗೆ ಸುಲಭವಾಗಿ ಬಿಡುತ್ತದೆಂದು ಮೊದಲು ಗೊತ್ತುಮಾಡಿಕೊಳ್ಳುತ್ತಾರೆ, ಆ ಗೆರೆಯಲ್ಲಿ ಕೆಲವೇ ಇಂಚುಗಳ ಅಂತರಕ್ಕೆ ಸಾಲಾಗಿ ಕುಳಿ ಹೊಡೆಯುತ್ತಾರೆ, ಪ್ರತಿ ಕುಳಿಗೆ ಕಬ್ಬಿಣದ ಬೆಣೆಯಿಟ್ಟು ಸರದಿಯಂತೆ ಒಂದೊಂದು ಪೆಟ್ಟು ಕೊಡುತ್ತ ಹೋಗುತ್ತಾರೆ. ಯಾವ ಬೆಣೆಗೂ ಒಂದೇ ಸಲ ಹೆಚ್ಚು ಪೆಟ್ಟಿಲ್ಲ. ಆಮೇಲೆ ಸ್ವಲ್ಪ ಕಾಯುತ್ತಾರೆ. ಬಿರುಕು ತಾನಾಗಿ ಕುಳಿಯಿಂದ ಕುಳಿಗೆ ನಡೆಯುತ್ತದೆ. ಬೆಂಗಳೂರಿನ ಸುತ್ತ ಬಂಡೆಯ ಮೇಲೆ ಬೆಂಕಿ ಹಾಕಿ, ಕಾದ ಪದರವನ್ನು ಚಪ್ಪಡಿಯಾಗಿ ಎಬ್ಬಿಸುವ ವಿದ್ಯೆಯೂ ಇತ್ತು. ಹಳೇ ಮೈಸೂರು ಸೀಮೆಯ ಹೊಲದ ಬೇಲಿಗೆ ನಿಂತಿರುವ ಕಲ್ಲುಕಂಬಗಳನ್ನು ನೋಡಿದರೆ ಆ ಕೈಗಳ ನಿಖರತೆ ತಿಳಿಯುತ್ತದೆ. ಈ ಕೆಲಸಕ್ಕೆ ಕೇಳಿದಷ್ಟು ಕೂಲಿ ಕೊಡುವುದು ನ್ಯಾಯ, ಚೌಕಾಸಿ ಮಾಡುವಂಥದ್ದಲ್ಲ.

ಕಣ್ಣಿಗೆ ಕಾಣುವ ಅಂಚು ಒರಟಾಗಿದ್ದರೆ ನಡೆಯುತ್ತದೆ ಎನ್ನುವವರಿಗೆ ಈ ಸೀಳಿದ ಕಲ್ಲು. ಮಿಲಿಮೀಟರ್ ಲೆಕ್ಕದ ನಯ ಬೇಕೆನ್ನುವವರು ಜಿಗಣಿ, ಇಳಕಲ್ ಕಡೆ ಇರುವಂಥ ಗ್ರಾನೈಟ್ ಕಾರ್ಖಾನೆಯಲ್ಲೇ ನೀರು ಹರಿಸಿ ಕೊಯ್ಯುವ ದೊಡ್ಡ ಮಷಿನ್‌ಗೆ ಕೊಡಬೇಕು. ಅಲ್ಲಿ ದೊಡ್ಡ ಹಾಸು ಕೊಯ್ದು ಮಿಕ್ಕ ಪಟ್ಟಿಗಳೂ ಬಿದ್ದಿರುತ್ತವೆ. ಒಂದೇ ಅಗಲದವನ್ನು ಆರಿಸಿಕೊಂಡರೆ ನಿಮ್ಮ ಕೆಲಸ ಉದ್ದ ಹೊಂದಿಸುವುದಕ್ಕೆ ಮುಗಿಯುತ್ತದೆ. ಮುಕ್ಕಾಲು ಇಂಚಿನ ಅಂಥ ಪಟ್ಟಿಯನ್ನು ಅಡ್ಡಕ್ಕೆ ಕೊಯ್ಯಲು ಮನೆಯ ಮಾರ್ಬಲ್ ಕಟರ್ ಸಾಕು, ನೀರು ಹಾಕಿ ನಿಧಾನವಾಗಿ.

ಗ್ರೈಂಡರೋ, ಮಾರ್ಬಲ್ ಕಟರೋ?

ಒಂದನ್ನೇ ಕೊಳ್ಳುವುದಾದರೆ ಮಾರ್ಬಲ್ ಕಟರ್ ಕೊಳ್ಳಿ. ಗ್ರೈಂಡರನ್ನು ಗಾಳಿಯಲ್ಲಿ ಹಿಡಿದು ಕೊಯ್ಯಬೇಕು. ಗೆರೆ ನೇರವಾಗುವುದು ಪೂರ್ತಿ ನಿಮ್ಮ ಕೈ ಮೇಲಿದೆ. ಮಾರ್ಬಲ್ ಕಟರಿಗೆ ಅಡಿಯಲ್ಲಿ ತಟ್ಟೆಯಿದೆ. ಅದು ಕಲ್ಲಿನ ಮೇಲೆ ಕೂತು ಜಾರುತ್ತದೆ, ಆಳವನ್ನು ಮೊದಲೇ ಕಟ್ಟಿಡಬಹುದು, ಪಕ್ಕಕ್ಕೆ ಒಂದು ಅಲ್ಯೂಮಿನಿಯಂ ಪಟ್ಟಿಯನ್ನು ಕ್ಲ್ಯಾಂಪ್ ಹಾಕಿ ಬಿಗಿದರೆ ತಟ್ಟೆ ಅದಕ್ಕೆ ಆತುಕೊಂಡೇ ಸಾಗುತ್ತದೆ. ನೂರು ಕಲ್ಲಿನ ಮೇಲೆ ಒಂದೇ ಆಳದ ನೇರ ಗೀರು ಬೇಕೆಂದರೆ ಇದಕ್ಕೆ ಸಾಟಿಯಿಲ್ಲ. ಕಲ್ಲಿನಲ್ಲಿ ಕಚ್ಚು ತೆಗೆಯುವುದು, ಪೈಪಿಗೆ ಜಾಗ ಬಿಡುವುದು, ಒಡೆದ ಮೈಯ ದಿಬ್ಬ ಸವರುವುದು, ಇಂಥದ್ದಕ್ಕೆ ಗ್ರೈಂಡರ್ ಬೇಕಾಗುತ್ತದೆ. ಅಂಚಿನ ಕೆಲಸದಲ್ಲಿ ಅದು ಎರಡನೆಯ ಸಾಧನ.

ಬ್ಲೇಡಿನ ಆಯ್ಕೆಯಲ್ಲಿ ಜನ ಎಡವುವುದು ಹೆಚ್ಚು. ಅಂಚಿನಲ್ಲಿ ಸೀಳು ಬಿಟ್ಟು ತುಂಡು ತುಂಡಾಗಿರುವ ಬ್ಲೇಡು ಕಾಂಕ್ರೀಟಿಗೆ. ಎಲ್ಲೂ ತುಂಡಿಲ್ಲದ ಸುತ್ತಂಚಿನದು ಟೈಲ್ಸು, ಮಾರ್ಬಲ್, ತೆಳು ಹಾಸುಗಳಿಗೆ, ಚಕ್ಕೆ ಏಳದಂತೆ. ಇದಿಷ್ಟು ಅಂಗಡಿಯಲ್ಲೂ ಹೇಳುತ್ತಾರೆ. ಹೇಳದೇ ಬಿಡುವುದು ಇದು: ವಜ್ರದ ಹರಳುಗಳನ್ನು ಹಿಡಿದಿರುವ ಲೋಹ ಸ್ವಲ್ಪ ಸ್ವಲ್ಪವೇ ಸವೆದರೆ ಮಾತ್ರ ಹೊಸ ಹರಳು ಹೊರಬರುತ್ತದೆ. ಗಟ್ಟಿ ಗ್ರಾನೈಟ್ ಆ ಲೋಹವನ್ನು ಸವೆಸುವುದಿಲ್ಲ, ಹಾಗಾಗಿ ಅದಕ್ಕೆ ಮೆದು ಲೋಹದ ಬ್ಲೇಡು ಬೇಕು. ಕೆಂಪುಕಲ್ಲು, ಹಸಿ ಕಾಂಕ್ರೀಟು ಉಪ್ಪುಕಾಗದದಂತೆ ಉಜ್ಜುತ್ತವೆ, ಅವಕ್ಕೆ ಗಟ್ಟಿ ಲೋಹದ್ದು ಬೇಕು. ಗ್ರಾನೈಟ್ ಕೊಯ್ಯುತ್ತ ಬ್ಲೇಡು ಇದ್ದಕ್ಕಿದ್ದಂತೆ ಜಾರತೊಡಗಿದರೆ ಅದು ಮುಗಿಯಿತೆಂದು ಎಸೆಯಬೇಡಿ. ಒಂದು ಸಿಮೆಂಟ್ ಬ್ಲಾಕಿನ ಮೇಲೆ ನಾಲ್ಕಾರು ಗೀರು ಎಳೆಯಿರಿ, ಲೋಹ ಸವೆದು ಮತ್ತೆ ಕಚ್ಚುತ್ತದೆ. ಬ್ಲೇಡಿನ ಮೇಲಿನ ಬಾಣದ ಗುರುತು ಮಷಿನ್ ತಿರುಗುವ ದಿಕ್ಕಿಗೇ ಇರಬೇಕು.

ಆಳ ಸಾಲದೆಂದು ಗಾರ್ಡ್ ಬಿಚ್ಚಿ ನಾಲ್ಕಿಂಚಿನ ಮಷಿನ್‌ಗೆ ದೊಡ್ಡ ಬ್ಲೇಡು ಹಾಕುವವರನ್ನು ಕಟ್ಟಡ ಕೆಲಸದ ಜಾಗಗಳಲ್ಲಿ ನೋಡಬಹುದು. ಚಿಕ್ಕ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತಿನ ಆಸುಪಾಸು ತಿರುಗುತ್ತದೆ. ಏಳಿಂಚಿನ ಬ್ಲೇಡು ತಾಳುವುದು 8,500ರ ಆಸುಪಾಸು. ಒಡೆದ ಚೂರು ನೇರ ಹೊಟ್ಟೆಗೋ ಮುಖಕ್ಕೋ ಬರುತ್ತದೆ. ದಯವಿಟ್ಟು ಮಾಡಬೇಡಿ, ಮಾಡುವವರನ್ನು ತಡೆಯಿರಿ.

ದೂಳು, ನೀರು, ಕರೆಂಟು

ಗ್ರಾನೈಟು, ಕಾಂಕ್ರೀಟು ಎರಡರ ದೂಳಿನಲ್ಲೂ ಸಿಲಿಕಾ ಇದೆ. ಕಣ್ಣಿಗೆ ಕಾಣುವ ದೂಳಿಗಿಂತ ಕಾಣದ ದೂಳು ಅಪಾಯ, ಅದು ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ಅದರಿಂದ ಬರುವ ಸಿಲಿಕೋಸಿಸ್‌ಗೆ ಗುಣಪಡಿಸುವ ಮದ್ದಿಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲೇ ಅದು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿತ್ತು. ಟವೆಲ್ ಸುತ್ತಿಕೊಳ್ಳುವುದರಿಂದ ಏನೂ ಪ್ರಯೋಜನವಿಲ್ಲ. ಮುಖಕ್ಕೆ ಅಂಟಿ ಕೂರುವ ಎನ್95 ಮಾಸ್ಕ್, ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಬೇಕು. ಕೂಲಿಗೆ ಬಂದವರಿಗೂ ಅವನ್ನು ನೀವೇ ತಂದುಕೊಡಿ.

ನೀರು ಹಾಕಿ ಕೊಯ್ದರೆ ದೂಳು ಕೆಸರಾಗಿ ಇಳಿಯುತ್ತದೆ, ಬ್ಲೇಡೂ ತಣ್ಣಗಿರುತ್ತದೆ. ಆದರೆ ಎಲ್ಲ ಮಷಿನ್ನಿಗೂ ನೀರು ಸೋಕಿಸುವಂತಿಲ್ಲ. ನೀರಿನ ಪೈಪು ಜೋಡಿಸಲು ಜಾಗ ಕೊಟ್ಟಿರುವ ಕಟರನ್ನೇ ಆರಿಸಿ, 30 ಮಿಲಿ ಆಂಪಿಯರ್‌ಗೆ ಕಡಿತಗೊಳ್ಳುವ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಲೈನು ಕಡಿಯುವ ಸ್ವಿಚ್) ಇರುವ ಲೈನಿನಿಂದಲೇ ಕರೆಂಟು ಎಳೆಯಿರಿ, ಎಕ್ಸ್‌ಟೆನ್ಷನ್ ಬೋರ್ಡನ್ನು ನೆಲದಿಂದ ಮೇಲೆತ್ತಿಡಿ. ಅಂಥ ವ್ಯವಸ್ಥೆ ಇಲ್ಲದಿದ್ದರೆ ಕಲ್ಲನ್ನು ಮೊದಲೇ ನೀರಿನಲ್ಲಿ ನೆನೆಸಿ, ಆಳವಿಲ್ಲದ ಗೀರು ಮಾತ್ರ ಹಾಕಿ, ಉಳಿದದ್ದನ್ನು ಉಳಿಯಿಂದ ಒಡೆಯಿರಿ. ಕೊಯ್ದ ಕೆಸರನ್ನು ಚರಂಡಿಗೆ ಬಿಡಬೇಡಿ, ಅಲ್ಲೇ ಗಟ್ಟಿಯಾಗಿ ಕೂರುತ್ತದೆ.

ಗೆರೆ ಎಳೆಯುವಾಗ

ಯಾವ ಸಾಧನ ಹಿಡಿದರೂ ನಿಖರತೆ ಬರುವುದು ಗುರುತು ಹಾಕುವುದರಲ್ಲಿ. ಮೂಲೆಮಟ್ಟ ಇಟ್ಟು ಒಂದು ಮುಖಕ್ಕೆ ಗೆರೆ ಎಳೆದು, ಅದರ ತುದಿಯಿಂದ ಪಕ್ಕದ ಮುಖಕ್ಕೆ, ಹೀಗೆ ಸುತ್ತಿ ಬನ್ನಿ. ನಾಲ್ಕನೆಯ ಗೆರೆ ಮೊದಲನೆಯದರ ಬುಡಕ್ಕೇ ಬಂದು ಸೇರಬೇಕು. ಸೇರದಿದ್ದರೆ ಕಲ್ಲಿನ ಮೈಯೇ ಓರೆಯಿದೆ ಎಂದರ್ಥ, ಆಗ ಮೇಲೆ ಕಾಣುವ ಮುಖವನ್ನೇ ನಂಬಿ ಉಳಿದದ್ದನ್ನು ಹೊಂದಿಸಿ. ನೀರಿಗೆ ಸೀಮೆಸುಣ್ಣ ಅಳಿಸಿ ಹೋಗುತ್ತದೆ, ಒದ್ದೆ ಕೆಲಸಕ್ಕೆ ಮೇಣದ ಬಳಪ ಒಳ್ಳೆಯದು. ಬ್ಲೇಡು ತಾನೇ ಎರಡು ಮಿ.ಮೀ. ಕಲ್ಲನ್ನು ತಿನ್ನುತ್ತದೆ, ಬೇಡವಾದ ತುಂಡಿನ ಕಡೆ ಬ್ಲೇಡು ಇರಲಿ, ಬೇಕಾದ ಕಡೆ ಗೆರೆ ಉಳಿಯಲಿ. ಮೊದಲ ಸಲ ಎರಡು ಮೂರು ಮಿ.ಮೀ. ಮಾತ್ರ ಇಳಿಸಿ ದಾರಿ ಮಾಡಿಕೊಂಡು, ಆಮೇಲೆ ಆಳಕ್ಕೆ ಹೋಗಿ. ಕಲ್ಲಿನ ಎರಡೂ ಭಾಗದ ಕೆಳಗೆ ಮರಳು ಚೀಲ ಇರಬೇಕು. ಒಂದು ಭಾಗ ಜೋತರೆ ಸೀಳು ಮುಚ್ಚಿಕೊಂಡು ಬ್ಲೇಡನ್ನು ಕಚ್ಚುತ್ತದೆ, ಮಷಿನ್ ಹಿಂದಕ್ಕೆ ಒದೆಯುತ್ತದೆ.

ಮೇಲೆ ಸಂದು ಕಾಣದಂತೆ ಕೂರಿಸಬೇಕೆಂದರೆ ಕೊಯ್ದ ಮುಖ ಕೆಳಗೆ ಹೋದಂತೆ ಎರಡು ಮೂರು ಮಿ.ಮೀ. ಒಳಕ್ಕೆ ಸರಿದಿರಲಿ. ಆಗ ಮೇಲಂಚು ಮೇಲಂಚಿಗೆ ತಾಗುತ್ತದೆ, ಗಾರೆ ಕೆಳಗೆ ಅಡಗುತ್ತದೆ.

ಸಾಲಿನ ಕೊನೆಯಲ್ಲಿ ಮೂರಿಂಚಿನ ಜಾಗ ಉಳಿಯಿತೆಂದು ಅಷ್ಟೇ ಚೂರು ಕೊಯ್ದು ತುರುಕಬೇಡಿ, ಅದು ಎಂದಾದರೂ ಅಲುಗಿ ಬೀಳುವ ಕಲ್ಲು. ಅದರ ಪಕ್ಕದ ಪೂರ್ತಿ ಬ್ಲಾಕನ್ನೂ ತೆಗೆದುಬಿಡಿ. 16 ಇಂಚು, ಉಳಿದ ಮೂರು, ಒಟ್ಟು 19. ಒಂಬತ್ತೂವರೆ ಇಂಚಿನ ಎರಡು ತುಂಡು ಆ ಜಾಗಕ್ಕೆ ಬರುತ್ತವೆ, ನಡುವಿನ ಗಾರೆಯ ಅರ್ಧರ್ಧ ಭಾಗವನ್ನು ಎರಡರಿಂದಲೂ ಕಳೆಯಿರಿ. ಈ ಎರಡನ್ನು ಗಾರೆ ಹಾಕುವ ಮುನ್ನ ಒಣದಾಗಿಯೇ ಇಟ್ಟು ನೋಡಿ. ಬ್ಲಾಕುಗಳ ಉದ್ದದಲ್ಲೇ ಐದು ಮಿ.ಮೀ.ವರೆಗೆ ವ್ಯತ್ಯಾಸ ಇರಬಹುದಾದ್ದರಿಂದ ಕಾಗದದ ಮೇಲಿನ ಅಳತೆಗಿಂತ ಸಾಲು ಹಾಕಿದ ಮೇಲೆ ಉಳಿದ ಜಾಗದಲ್ಲಿ ಟೇಪು ಹಿಡಿದು ತೆಗೆದ ಅಳತೆಯೇ ಸರಿ.